ಕೆಚ್ಚಲು ಊದಿಲ್ಲ, ಆದರೂ ಹಾಲು ಕಮ್ಮಿ, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಕಮ್ಮಿ. ಏನಿರಬಹುದು?

ರಾಗಿಮೆದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಐದಿವೆ. ನಾಲ್ಕು ಹಾಲು ಕೊಡುತ್ತಿವೆ, ಒಂದು ಎಂಟು ತಿಂಗಳ ಗಬ್ಬ. ತೆಂಗಿಗೆ ನುಸಿ ಬಿದ್ದ ಮೇಲೆ ನಮ್ಮ ಮನೆ ನಡೆಯುತ್ತಿರುವುದು ಹಾಲಿನಿಂದಲೇ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಹಳೇ ಮಣ್ಣಿನ ಕೊಟ್ಟಿಗೆ ಕಿತ್ತು ಸಿಮೆಂಟ್ ನೆಲ ಹಾಕಿಸಿದೆ. ಗಂಜಲ ಹರಿದು ಹೋಗಲಿ, ಅಮ್ಮನಿಗೆ ಸಗಣಿ ಬಾಚಲು ಸುಲಭ ಆಗಲಿ ಅಂತ. ದಿನಕ್ಕೆ ಎರಡು ಸಲ ಪೈಪ್ ಹಿಡಿದು ತೊಳೆಯುತ್ತೇವೆ. ನೋಡಿದವರೆಲ್ಲ ಎಷ್ಟು ಕ್ಲೀನಾಗಿದೆ ಅಂದರು. ಆದರೆ ಅಲ್ಲಿಂದ ಈಚೆಗೆ ಗೌರಿ ಅನ್ನುವ ಹಸುವಿಗೆ ಮೂರು ಸಲ ಕೆಚ್ಚಲು ಬಾವು ಬಂತು. ಮೂರು ಸಲವೂ ಹಿಂದಿನ ಎಡ ಮೊಲೆ. ಮೊಲೆಯೊಳಗೆ ಔಷಧದ ಟ್ಯೂಬ್ ಏರಿಸಿದರೆ ನಾಲ್ಕು ದಿನದಲ್ಲಿ ಬಾವು ಇಳಿಯುತ್ತದೆ, ಒಂದೂವರೆ ತಿಂಗಳಿಗೆ ಮತ್ತೆ ಬರುತ್ತದೆ.

ಈಗಿನ ತೊಂದರೆ ಬೇರೆ. ತುಂಗೆ ಅಂತ ಎರಡನೇ ಸೂಲಿನ ಹಸು. ಬೆಳಿಗ್ಗೆ ಆರು ಲೀಟರ್ ಕೊಡುತ್ತಿದ್ದದ್ದು ನಾಲ್ಕೂವರೆಗೆ ಬಂದಿದೆ. ಕೆಚ್ಚಲು ಊದಿಲ್ಲ, ಬಿಸಿ ಇಲ್ಲ, ಹಾಲಿನಲ್ಲಿ ಗಂಟಿಲ್ಲ. ಮೇವು ಚೆನ್ನಾಗಿ ತಿನ್ನುತ್ತದೆ. ನಮ್ಮ ಎಸ್‌ಎನ್‌ಎಫ್ 8.5 ಇದ್ದದ್ದು 8.1ಕ್ಕೆ ಇಳಿಯಿತು. ಹೋದ ವಾರ ಒಂದು ದಿನ ಡೈರಿಯಲ್ಲಿ ಹಾಲು ವಾಪಸ್ ಕಳಿಸಿದರು. ನೀರು ಬೆರೆಸಿದ್ದೀಯಾ ಅನ್ನುವ ಹಾಗೆ ಎಲ್ಲರ ಮುಂದೆ ನೋಡಿದರು. ನಮ್ಮಪ್ಪನ ಕಾಲದಿಂದ ಹಾಲು ಹಾಕುತ್ತಿದ್ದೇವೆ, ಒಂದು ತೊಟ್ಟು ನೀರು ಬೆರೆಸಿದವರಲ್ಲ. ಮನೆಗೆ ತಂದು ಕಾಯಿಸಿದರೆ ಒಡೆಯಿತು. ಆ ದಿನ ಊಟ ಸೇರಲಿಲ್ಲ.

ಊರಿಗೆ ಬಂದು ಇಂಜೆಕ್ಷನ್ ಕೊಡುವವರೊಬ್ಬರು, ನಾಲ್ಕೂ ಹಸುವಿಗೆ ನಾಲ್ಕೂ ಮೊಲೆಗೆ ಟ್ಯೂಬ್ ಏರಿಸಿಬಿಡಿ, ಗೌರಿಯನ್ನು ಮಾರಿಬಿಡಿ ಅಂದರು. ಗೌರಿ ನಮ್ಮ ಮನೆಯಲ್ಲೇ ಹುಟ್ಟಿದ್ದು. ಬಾವು ಇಲ್ಲದೆಯೂ ಕೆಚ್ಚಲಲ್ಲಿ ರೋಗ ಇರುತ್ತದಾ? ಅಥವಾ ಇದು ಮೇವಿನ ಸಮಸ್ಯೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.


ಕೆರೆಕೋಡಿ

ಅಣ್ಣಾ, ಬೇಸಿಗೆಯಲ್ಲಿ ಎಸ್‌ಎನ್‌ಎಫ್ ಎಲ್ಲರಿಗೂ ಸ್ವಲ್ಪ ಬೀಳುತ್ತದೆ. ನಮ್ಮ ಕಡೆಯೂ ಹಾಗೇ. ಬರೀ ಹಸಿ ಮೇವು ಹಾಕುತ್ತಿದ್ದರೆ ರಾಗಿ ಹುಲ್ಲು ಜೊತೆಗೆ ಕೊಡಿ, ಹಿಂಡಿ ಜೊತೆ ಖನಿಜ ಮಿಶ್ರಣ ಬಿಡಬೇಡಿ. ಆದರೆ ಒಂದೇ ಹಸುವಿನ ಹಾಲು ಹೀಗೆ ಬಿದ್ದಿದೆ ಅಂದರೆ ಮೇವಿನದ್ದಲ್ಲ ಅನಿಸುತ್ತದೆ. ಒಂದೇ ಗೋದಲಿ ತಾನೆ? ನಾಲ್ಕು ಮೊಲೆಯ ಹಾಲನ್ನೂ ಬೇರೆ ಬೇರೆ ಲೋಟಕ್ಕೆ ಕರೆದು ಒಂದೊಂದೇ ನಾಲಿಗೆಗೆ ಇಟ್ಟು ನೋಡುತ್ತಿದ್ದರು ನಮ್ಮಜ್ಜ. ಉಪ್ಪುಪ್ಪು ಅನಿಸಿದ ಮೊಲೆಯಲ್ಲಿ ದೋಷ ಅನ್ನುತ್ತಿದ್ದರು.


ಕೊಟ್ಟಿಗೆ ನೋಟ್‌ಬುಕ್

ರಾಗಿಮೆದೆ ಅವರೇ, ನಾನು ಪಶುವೈದ್ಯೆ. ಚಿಕಿತ್ಸೆಗಿಂತ ಸಂಶೋಧನೆ ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಹಸುಗಳ ಕೆಚ್ಚಲನ್ನೇ ನೋಡುತ್ತಿದ್ದೇನೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಬರೆಯಬೇಕು ಅನಿಸಿತು, ಯಾಕೆಂದರೆ ಡೈರಿ ಮುಂದೆ ತಲೆ ತಗ್ಗಿಸಿ ನಿಂತ ಎಷ್ಟೋ ಜನರನ್ನು ನೋಡಿದ್ದೇನೆ. ನೀವು ನೀರು ಬೆರೆಸಿಲ್ಲ. ನಿಮ್ಮ ಹಸುವಿಗೆ ಕಣ್ಣಿಗೆ ಕಾಣದ ಕೆಚ್ಚಲು ಬಾವು ಇರುವ ಸಾಧ್ಯತೆಯೇ ಜಾಸ್ತಿ.

ಬಾವು ಇಲ್ಲದೆಯೂ ರೋಗ ಇರುತ್ತದಾ ಅಂತ ಕೇಳಿದ್ದೀರಿ. ಇರುತ್ತದೆ. ಒಂದು ಕೊಟ್ಟಿಗೆಯಲ್ಲಿ ಊದಿದ ಕೆಚ್ಚಲು ಒಂದು ಕಂಡರೆ, ಊದದೆ ಒಳಗೇ ಇರುವುದು ಅದಕ್ಕಿಂತ ಜಾಸ್ತಿ ಇರುತ್ತದೆ. ಸೂಕ್ಷ್ಮಾಣು ಮೊಲೆಯ ತೂತಿನಿಂದ ಒಳಗೆ ಹೋದಾಗ ಹಸು ತನ್ನ ಬಿಳಿ ರಕ್ತಕಣಗಳನ್ನು ಅಲ್ಲಿಗೆ ಕಳಿಸುತ್ತದೆ. ಆರೋಗ್ಯವಾದ ಕೆಚ್ಚಲಿನ ಒಂದು ಮಿಲಿ ಹಾಲಿನಲ್ಲಿ ಇಂಥ ಕಣ 2 ಲಕ್ಷಕ್ಕಿಂತ ಕಮ್ಮಿ ಇರುತ್ತವೆ. ರೋಗ ಇದ್ದರೆ ಲಕ್ಷಗಟ್ಟಲೆ ಏರುತ್ತವೆ. ಈ ಜಗಳದಲ್ಲಿ ಹಾಲು ಮಾಡುವ ಜೀವಕೋಶಗಳು ಸಾಯುತ್ತವೆ. ಹಾಲಿನ ಸಕ್ಕರೆ, ಹಾಲಿನ ಪ್ರೋಟೀನ್ ಇಳಿಯುತ್ತವೆ, ರಕ್ತದಿಂದ ಉಪ್ಪು ಸೋರಿ ಹಾಲಿಗೆ ಸೇರುತ್ತದೆ. ಎಸ್‌ಎನ್‌ಎಫ್ ಬೀಳುವುದು ಇದರಿಂದ. ಕಾಯಿಸಿದರೆ ಹಾಲು ಒಡೆಯುವುದಕ್ಕೂ ಇದು ಒಂದು ಕಾರಣ. ಕೆರೆಕೋಡಿ ಅವರ ಅಜ್ಜ ನಾಲಿಗೆಯಲ್ಲಿ ಹಿಡಿದದ್ದು ಇದೇ ಉಪ್ಪನ್ನು. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಹಸಿ ಹಾಲು ಬಾಯಿಗೆ ಹಾಕಬೇಡಿ. ಕಂದು ರೋಗ (ಬ್ರೂಸೆಲ್ಲೋಸಿಸ್) ಇರುವ ಹಸುವಿನ ಹಸಿ ಹಾಲಿನಿಂದ ಅದು ಮನುಷ್ಯರಿಗೂ ಬರುತ್ತದೆ.

ಅದರ ಬದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾಲ್ಮ್ ಮತ್ತು ನೂರ್ಲ್ಯಾಂಡರ್ ಅನ್ನುವ ಇಬ್ಬರು ಇದನ್ನು ಪ್ರಕಟಿಸಿದರು. ಇವತ್ತಿಗೂ ನನ್ನ ಚೀಲದಲ್ಲಿ ಅದೇ ನಾಲ್ಕು ಗುಳಿಯ ತಟ್ಟೆ ಇದೆ, ಈ ಪರೀಕ್ಷೆಯನ್ನು ಸಿಎಂಟಿ (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್, ಅಂದರೆ ಕೆಚ್ಚಲು ಬಾವಿನ ಪರೀಕ್ಷೆ) ಅಂತ ಕರೆಯುತ್ತೇವೆ. ಅದರ ದ್ರಾವಣ ಸಿಗದಿದ್ದರೆ ಬಟ್ಟೆ ಒಗೆಯುವ ಸೋಪಿನ ಪುಡಿ ಸಾಕು. ಅರ್ಧ ಲೀಟರ್ ನೀರಿಗೆ 15 ಗ್ರಾಂ ಪುಡಿ ಕಲಸಿ. ಮೊದಲ ಎರಡು ಮೂರು ಎಳೆ ಹಾಲು ಬೇರೆ ಪಾತ್ರೆಗೆ ಕರೆದು ಬಿಟ್ಟು, ನಾಲ್ಕು ಮೊಲೆಯಿಂದ ನಾಲ್ಕು ಚಿಕ್ಕ ಬಟ್ಟಲಿಗೆ ಎರಡೆರಡು ಚಮಚ ಹಾಲು ತೆಗೆಯಿರಿ. ಅಷ್ಟೇ ಸೋಪಿನ ನೀರು ಹಾಕಿ ಮೆಲ್ಲಗೆ ಸುತ್ತಿಸಿ. ನೀರಿನ ಹಾಗೇ ಇದ್ದರೆ ಆ ಮೊಲೆ ಸರಿಯಿದೆ. ಲೋಳೆ ಲೋಳೆಯಾಗಿ ಗಟ್ಟಿಯಾದರೆ ಅಲ್ಲಿ ರೋಗ ಇದೆ. ಸೋಪು ಆ ಬಿಳಿ ಕಣಗಳನ್ನು ಒಡೆದಾಗ ಅವುಗಳ ಒಳಗಿನ ಡಿಎನ್‌ಎ ಹೊರಗೆ ಬಂದು ಹೀಗೆ ಲೋಳೆಯಾಗುತ್ತದೆ. ಪರೀಕ್ಷೆ ಮಾಡಿದ ಹಾಲು ಚೆಲ್ಲಿ, ನಾಯಿಗೂ ಹಾಕಬೇಡಿ. ಕರು ಹಾಕಿದ ಮೊದಲ ವಾರ ಈ ಪರೀಕ್ಷೆ ಬೇಡ, ಗಿಣ್ಣುಹಾಲು ಸುಮ್ನೆ ಲೋಳೆಯಾಗುತ್ತದೆ.

ಎಲ್ಲ ಹಸುವಿಗೂ ಟ್ಯೂಬ್ ಏರಿಸುವುದು ಬೇಡವೇ ಬೇಡ. ಯಾವ ಮೊಲೆಯಲ್ಲಿ ಯಾವ ಸೂಕ್ಷ್ಮಾಣು ಇದೆ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಗೊತ್ತಿಲ್ಲದೆ ಹದಿನಾರು ಮೊಲೆಗೆ ಆ್ಯಂಟಿಬಯಾಟಿಕ್ ತುಂಬಿದರೆ, ಬಗ್ಗದ ಸೂಕ್ಷ್ಮಾಣುವನ್ನು ನಾವೇ ಸಾಕಿದ ಹಾಗೆ. ಗೌರಿಯ ಹಾಲನ್ನು, ಪರೀಕ್ಷೆಯಲ್ಲಿ ಲೋಳೆ ಬಂದ ಮೊಲೆಗಳ ಹಾಲನ್ನು ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರ ಮೂಲಕ ಲ್ಯಾಬಿಗೆ ಕಳಿಸಿ. ನಿಮಗೆ ಹತ್ತಿರದಲ್ಲಿ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲೂ ವಿಚಾರಿಸಿ. ಹಸು ಜ್ವರ ಬಂದು ಮಲಗಿಬಿಟ್ಟರೆ ಕಾಯಬೇಡಿ, 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಇಷ್ಟು ರೋಗದ ಮಾತು. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು ಒಂದು ಕಡೆ. ಸಿಮೆಂಟ್ ನೆಲ ಹಾಕಿದ ಮೇಲೆ ಬಾವು ಶುರುವಾಯಿತು ಅಂದಿರಿ.

ನಾನು ಸಂಶೋಧನೆಗೆ ಸೇರಿದ ಹೊಸದರಲ್ಲಿ ಹಾಲನ್ನು ಮಾತ್ರ ನೋಡುತ್ತಿದ್ದೆ. ಬೆಳಿಗ್ಗೆ ಹೋಗಿ ಸ್ಯಾಂಪಲ್ ತೆಗೆದು ಐಸ್ ಡಬ್ಬದಲ್ಲಿ ಇಟ್ಟುಕೊಂಡು ಲ್ಯಾಬಿಗೆ ವಾಪಸ್. ಒಂದು ಕೊಟ್ಟಿಗೆಗೆ ಆರು ಸಲ ಹೋದೆ. ಆರು ಸಲವೂ ಔಷಧ ಬದಲಾಯಿತು, ರೋಗ ಹೋಗಲಿಲ್ಲ. ಆ ಮನೆಯ ಅಜ್ಜಿ ಒಂದು ದಿನ, "ನೀನು ಬೆಳಿಗ್ಗೆ ಬಂದು ಬೆಳಿಗ್ಗೆ ಹೋಗ್ತೀಯಲ್ಲಮ್ಮ, ರಾತ್ರಿ ಅವು ಪಡೋ ಪಾಡು ನೋಡು" ಅಂದರು. ಅವತ್ತು ರಾತ್ರಿ ಅಲ್ಲೇ ಉಳಿದೆ. ಒಂದು ನೋಟ್‌ಬುಕ್ಕು, ಒಂದು ಟಾರ್ಚ್. ಹತ್ತು ನಿಮಿಷಕ್ಕೊಮ್ಮೆ ಯಾವ ಹಸು ನಿಂತಿದೆ, ಯಾವುದು ಮಲಗಿದೆ ಅಂತ ಬರೆದುಕೊಂಡೆ. ಒಂದು ಹಸು ಮಲಗಲು ಮಂಡಿ ಬಗ್ಗಿಸಿ, ನೆಲ ಮೂಸಿ, ಮತ್ತೆ ಎದ್ದು ನಿಲ್ಲುತ್ತಿತ್ತು. ಹೀಗೆ ಹದಿಮೂರು ಸಲ. ಹದಿನಾಲ್ಕನೇ ಸಲ ಧೊಪ್ಪನೆ ಬಿದ್ದ ಹಾಗೆ ಮಲಗಿತು, ಸರಿಯಾಗಿ ಗಂಜಲ ನಿಂತ ಜಾಗದಲ್ಲೇ. ಅವತ್ತಿನಿಂದ ನನ್ನ ಕೆಲಸದ ದಾರಿ ಬದಲಾಯಿತು. ಈಗ ಕಾಲಿಗೆ ಕಟ್ಟುವ ಚಿಕ್ಕ ಸಾಧನ ಮಲಗುವ ಹೊತ್ತನ್ನು ತಾನೇ ಬರೆದುಕೊಳ್ಳುತ್ತದೆ. ಆದರೂ ಹೊಸ ಕೊಟ್ಟಿಗೆಗೆ ಹೋದರೆ ಮೊದಲ ರಾತ್ರಿ ನಾನು ನೋಟ್‌ಬುಕ್ ಹಿಡಿದೇ ಕೂರುತ್ತೇನೆ.

ಹಾಲು ಕೊಡುವ ಹಸು ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆ ಮಲಗಬೇಕು. ಮಲಗಿದಾಗ ಕಾಲಿಗೆ ಬಿಡುವು, ನೆಮ್ಮದಿಯಾಗಿ ಮೆಲುಕು, ಕೆಚ್ಚಲಿಗೆ ರಕ್ತವೂ ಚೆನ್ನಾಗಿ ಹರಿಯುತ್ತದೆ. ಒಂದು ಲೀಟರ್ ಹಾಲಾಗಲು ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾಯಬೇಕು ಅಂತ ನಾವು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇವೆ. ನೆಲ ಗಟ್ಟಿಯಿದ್ದರೆ ಹಸು ಮಲಗಲು ಹೆದರುತ್ತದೆ. ಸುಸ್ತಾಗಿ ಕೊನೆಗೆ ಎಲ್ಲೋ ಒಂದು ಕಡೆ ಬೀಳುತ್ತದೆ. ಪೈಪ್ ಹಿಡಿದು ತೊಳೆದ ನೆಲ ಒಣಗುವುದರೊಳಗೆ ಮಲಗಿದರೆ ಮೊಲೆತೊಟ್ಟು ಒದ್ದೆ ಸಿಮೆಂಟಿಗೆ ಒತ್ತಿಕೊಳ್ಳುತ್ತದೆ. ಕಣ್ಣಿಗೆ ಕ್ಲೀನಾಗಿ ಕಾಣುವ ಒದ್ದೆ ನೆಲದಲ್ಲಿ ಇ. ಕೋಲೈ ಅನ್ನುವ ಸೂಕ್ಷ್ಮಾಣು ಆರಾಮಾಗಿ ಬೆಳೆಯುತ್ತದೆ. ಮುಖ್ಯವಾಗಿ ಬೇಕಾದದ್ದು ಒಣ ನೆಲ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಗೌರಿ ಮಲಗುವ ಜಾಗದಲ್ಲಿ ನೀವೇ ಮಂಡಿಯೂರಿ ಹತ್ತು ಎಣಿಸಿ. ನಿಮ್ಮ ಮಂಡಿ ನೊಂದರೆ ಅದರ ಮಂಡಿಯೂ ನೋಯುತ್ತದೆ. ಪಂಚೆ ಒದ್ದೆಯಾದರೆ ಅದರ ಕೆಚ್ಚಲೂ ಒದ್ದೆಯಾಗುತ್ತದೆ. ಆಮೇಲೆ ಹಸುಗಳ ಮುಂಗಾಲಿನ ಮಂಡಿ, ಹಿಂಗಾಲಿನ ಗಿಣ್ಣು ಮುಟ್ಟಿ ನೋಡಿ. ಕೂದಲು ಉದುರಿದೆಯಾ, ಊದಿದೆಯಾ, ಗಾಯ ಇದೆಯಾ ಬರೆಯಿರಿ. ಕಟ್ಟುವ ಹಗ್ಗ ಎಷ್ಟು ಉದ್ದ, ಗೋದಲಿ ಗೋಡೆ ಎಷ್ಟು ಎತ್ತರ ಅಂತಲೂ ಹೇಳಿ. ಹಸು ಏಳುವಾಗ ಹಿಂಗಾಲನ್ನು ಮೊದಲು ಎತ್ತುತ್ತದೆ, ಅದಕ್ಕೆ ತಲೆಯನ್ನು ಮುಂದಕ್ಕೆ ಚಾಚಬೇಕು. ಮುಂದೆ ಗೋಡೆ ಅಡ್ಡ ಬಂದರೆ, ಏಳಲು ಆಗುವುದಿಲ್ಲ ಅನ್ನುವ ಭಯಕ್ಕೇ ಅದು ಮಲಗುವುದಿಲ್ಲ.

ಹಾಲು ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆ ಹೊತ್ತಿನಲ್ಲಿ ಮಲಗಲು ಬಿಡಬೇಡಿ. ಹಿಂಡಿ ಮೊದಲೇ ಕೊಟ್ಟು ಮುಗಿಸುವ ಬದಲು ಮೇವನ್ನು ಕರೆದಾದ ಮೇಲೆ ಹಾಕಿ, ತಿನ್ನುತ್ತಾ ನಿಂತಿರುತ್ತದೆ. ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಬಹುದು, ಒಂದು ರೂಪಾಯಿ ಖರ್ಚಿಲ್ಲ.


ರಾಗಿಮೆದೆ

ಮೇಡಂ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ನಾಲ್ಕು ದಿನ ನೋಡಿ ಬರೆಯುತ್ತಿದ್ದೇನೆ.

ಸೋಪಿನ ಪುಡಿ ಪರೀಕ್ಷೆ ಮಾಡಿದೆವು. ಗೌರಿಯ ಹಿಂದಿನ ಎಡ ಮೊಲೆಯದು ಮೊಟ್ಟೆಯ ಬಿಳಿ ಲೋಳೆ ಥರ ಆಯಿತು, ಬಟ್ಟಲು ಬಗ್ಗಿಸಿದರೆ ಒಟ್ಟಿಗೇ ಜಾರುತ್ತದೆ. ತುಂಗೆಯ ಹಿಂದಿನ ಎರಡೂ ಮೊಲೆ ಲೋಳೆ ಬಂತು, ಗೌರಿಯಷ್ಟಲ್ಲ. ಉಳಿದ ಎರಡು ಹಸು ಸರಿಯಿವೆ. ಊದದ ಕೆಚ್ಚಲಲ್ಲಿ ಇಷ್ಟು ಇದ್ದದ್ದು ನೋಡಿ ನನ್ನ ಹೆಂಡತಿ ಅಳುವ ಹಾಗಾದಳು. ನಾವು ಇಷ್ಟು ದಿನ ಆ ಹಾಲನ್ನು ಕರುವಿಗೂ ಕುಡಿಸಿದ್ದೇವೆ.

ನೆಲದ ವಿಷಯ. ಮಂಡಿಯೂರಿದೆ. ಹತ್ತು ಎಣಿಸಲು ಆಗಲಿಲ್ಲ ಮೇಡಂ, ಏಳಕ್ಕೆ ಎದ್ದೆ. ಗೌರಿಯ ಮುಂಗಾಲಿನ ಎರಡೂ ಮಂಡಿ ಊದಿವೆ, ಕೂದಲಿಲ್ಲ. ಇಷ್ಟು ದಿನ ಅದನ್ನು ಜಾತಿ ಲಕ್ಷಣ ಅಂದುಕೊಂಡಿದ್ದೆ. ಹಗ್ಗ ಎರಡೂವರೆ ಅಡಿ ಇತ್ತು. ಹೊಸ ಗೋದಲಿಯ ಗೋಡೆ ಹಸುವಿನ ಎದೆ ಮಟ್ಟಕ್ಕಿದೆ, ಮೇಸ್ತ್ರಿ ಮೇವು ಚೆಲ್ಲಬಾರದು ಅಂತ ಎತ್ತರ ಮಾಡಿದ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಐದರವರೆಗೆ ನಾನೂ ನನ್ನ ಮಗನೂ ಸರದಿ ಮೇಲೆ ನೋಡಿದೆವು. ಗೌರಿ ಮಲಗಿದ್ದು ಎಲ್ಲ ಸೇರಿ ಎರಡು ಗಂಟೆ ಹತ್ತು ನಿಮಿಷ. ಅಮ್ಮನಿಗೆ ಹೇಳಿದರೆ, "ಮಣ್ಣಿನ ಕೊಟ್ಟಿಗೆಯಲ್ಲಿ ಸಂಜೆ ಏಳಕ್ಕೇ ಮಲಗಿಬಿಡುತ್ತಿತ್ತಲ್ಲೋ" ಅಂದರು.

ಈಗ ನೆಲ ಒಡೆಸಲು ಆಗುವುದಿಲ್ಲ, ಸಾಲ ಇನ್ನೂ ಇದೆ. ಐದಕ್ಕೂ ಒಟ್ಟಿಗೆ ರಬ್ಬರ್ ಮ್ಯಾಟ್ ಕೊಳ್ಳುವುದೂ ಕಷ್ಟ. ಮರದ ಪುಡಿ ಹಾಕಬಹುದಾ? ಗೌರಿಯನ್ನು ಏನು ಮಾಡಲಿ?


ದರಕಿನ ಮನೆ

ನಾನು ಶಿರಸಿ ಕಡೆಯವಳು. ನಮ್ಮಲ್ಲಿ ಕೊಟ್ಟಿಗೆಗೆ ಸೊಪ್ಪು, ಇಲ್ಲದಿದ್ದರೆ ದರಕು (ಉದುರಿದ ಒಣ ಎಲೆ) ಹಾಸುತ್ತೇವೆ, ಹಸುಗಳು ಮೆತ್ತಗೆ ಮಲಗುತ್ತವೆ. ಗೊಬ್ಬರವೂ ಆಗುತ್ತದೆ. ಹಾಗೆಯೇ ಕೆಚ್ಚಲು ಬಾವಿಗೆ ಲೋಳೆಸರದ ಔಷಧ ಮಾಡುತ್ತೇನೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಒಟ್ಟಿಗೆ ರುಬ್ಬಿ, ಸ್ವಲ್ಪ ಸ್ವಲ್ಪ ನೀರು ಕಲಸಿ ಕೆಚ್ಚಲಿಗೆಲ್ಲ ಹಚ್ಚಬೇಕು. ದಿನಕ್ಕೆ ಹತ್ತು ಸಲ, ಐದು ದಿನ. ಎನ್‌ಡಿಡಿಬಿಯವರು (ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ) ತರಬೇತಿಯಲ್ಲಿ ಹೇಳಿಕೊಟ್ಟದ್ದು. ನಮ್ಮ ಎರಡು ಹಸುವಿಗೆ ಚೆನ್ನಾಗಿ ಇಳಿಯಿತು. ಹತ್ತು ಸಲ ಹಚ್ಚುವ ತಾಳ್ಮೆ ಬೇಕು, ಎರಡು ಸಲ ಹಚ್ಚಿ ಆಗಲಿಲ್ಲ ಅನ್ನುವವರೇ ಜಾಸ್ತಿ. ಮೇಡಂ ಇದಕ್ಕೆ ಏನು ಹೇಳುತ್ತಾರೋ ತಿಳಿಯಬೇಕು.


ಕೊಟ್ಟಿಗೆ ನೋಟ್‌ಬುಕ್

ಎರಡು ಗಂಟೆ ಹತ್ತು ನಿಮಿಷ. ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಿಮ್ಮ ಮಗನಿಗೆ ನನ್ನ ಶಹಬ್ಬಾಸ್ ಹೇಳಿ, ಒಂದು ರಾತ್ರಿಯಲ್ಲಿ ಸಂಶೋಧಕನ ಕೆಲಸ ಮಾಡಿದ್ದಾನೆ.

ಒಂದು ಮಾತು ಸೇರಿಸಬೇಕು. ಗೌರಿ ಮಲಗದೆ ಇರುವುದು ನೆಲದಿಂದ ಮಾತ್ರ ಅಲ್ಲದೆಯೂ ಇರಬಹುದು. ಕೆಚ್ಚಲು ನೋಯುತ್ತಿದ್ದರೂ ಹಸು ಮಲಗುವುದಿಲ್ಲ, ಮಲಗಿದರೆ ಕೆಚ್ಚಲ ಮೇಲೆ ಭಾರ ಬೀಳುತ್ತದೆ. ಅಂದರೆ ಮಲಗದ್ದಕ್ಕೆ ರೋಗ, ರೋಗಕ್ಕೆ ಮಲಗಲಾಗದ್ದು, ಎರಡೂ ಸುತ್ತಿಕೊಳ್ಳುತ್ತವೆ. ಅದಕ್ಕೇ ಕೆಚ್ಚಲು ಬಾವಿಗೆ ಚಿಕಿತ್ಸೆ ಅಂದರೆ ನೋವು ಇಳಿಸುವುದೂ ಸೇರಬೇಕು ಅಂತ ನಾನು ಹಟ ಹಿಡಿಯುತ್ತೇನೆ. ನಿಮ್ಮ ಡಾಕ್ಟರನ್ನು ಮೆಲಾಕ್ಸಿಕಾಮ್ ಕೊಡಬಹುದಾ ಅಂತ ಕೇಳಿ. ಯಾರಾದರೂ ಡೈಕ್ಲೋಫೆನಾಕ್ ತಂದರೆ ಬೇಡ ಅನ್ನಿ. ದನಕ್ಕೆ ಅದನ್ನು ಕೊಡುವುದು 2006ರಿಂದ ನಿಷೇಧ. ಆ ಔಷಧ ಮೈಯಲ್ಲಿರುವ ದನ ಸತ್ತು, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಬೆರಳೆಣಿಕೆಯಷ್ಟು ರಣಹದ್ದು ಉಳಿದಿರುವಾಗ ಕೊಟ್ಟಿಗೆಯಲ್ಲಿ ನಾವು ಯಾವ ಬಾಟಲಿ ಹಿಡಿಯುತ್ತೇವೆ ಅನ್ನುವುದು ದೊಡ್ಡ ವಿಷಯ.

ಲೋಳೆಸರದ ಬಗ್ಗೆ: ದರಕಿನ ಮನೆ ಅಕ್ಕ ಅಳತೆ ಸರಿಯಾಗಿ ಹೇಳಿದ್ದಾರೆ. ಬಾವು, ಉರಿ ಇರುವಾಗ ಹಚ್ಚಿ, ನಾನೂ ಹಚ್ಚಿಸಿದ್ದೇನೆ. ಆದರೆ ಜ್ವರ ಇದ್ದರೆ, ಹಾಲು ನೀರಾಗಿದ್ದರೆ, ರಕ್ತ ಬಂದರೆ ಬರೀ ಅದನ್ನೇ ನಂಬಿ ದಿನ ಕಳೆಯಬೇಡಿ. ದರಕು ಹಾಸುವುದು ಒಳ್ಳೆಯದು, ಆದರೆ ಒಂದು ಎಚ್ಚರ ಬೇಕು. ಮೇಲೆ ಮೇಲೆ ಹೊಸ ಸೊಪ್ಪು ಹಾಕುತ್ತಾ ಹೋದರೆ ಕೆಳಗೆ ಒದ್ದೆ ಉಳಿಯುತ್ತದೆ. ಕೆಚ್ಚಲು ತಾಗುವ ಹಿಂಭಾಗದ್ದನ್ನು ದಿನಾ ತೆಗೆಯಬೇಕು.

ಮರದ ಪುಡಿ ಬೇಡ. ಹಸಿ ಮರದ ಪುಡಿಯಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಸೂಕ್ಷ್ಮಾಣು ಬೆಳೆಯುತ್ತದೆ, ಅದರ ಕೆಚ್ಚಲು ಬಾವು ತುಂಬಾ ಕೆಟ್ಟದ್ದು. ನಿಮ್ಮದು ತೆಂಗಿನ ಸೀಮೆ. ನಾರು ತೆಗೆಯುವ ಕಡೆ ರಾಶಿ ಬಿದ್ದಿರುವ ತೆಂಗಿನ ನಾರಿನ ಪುಡಿ ವಿಚಾರಿಸಿ. ಬಿಸಿಲಿಗೆ ಚೆನ್ನಾಗಿ ಒಣಗಿಸಿ ಮೂರು ನಾಲ್ಕು ಬೆರಳು ದಪ್ಪ ಹಾಕಿ, ಗಂಜಲ ಹೀರುತ್ತದೆ. ಒದ್ದೆಯಾದದ್ದನ್ನು ಬೆಳಿಗ್ಗೆ ಸಂಜೆ ಎಳೆದು ತಿಪ್ಪೆಗೆ ಹಾಕಿ. ಹಸು ತಿನ್ನದೆ ಬಿಟ್ಟ ರಾಗಿ ಹುಲ್ಲು ಅದರ ಮೇಲೆ. ಮ್ಯಾಟ್ ಮೊದಲು ಗೌರಿಗೆ ಒಂದು, ಆಮೇಲೆ ಗಬ್ಬದ ಹಸುವಿಗೆ ಒಂದು ತನ್ನಿ. ಸಂಜೆ ಪೈಪ್ ಹಿಡಿಯುವುದು ನಿಲ್ಲಿಸಿ, ಬಾಚಿ ಗುಡಿಸಿ ಸಾಕು. ಗೋದಲಿ ಗೋಡೆಯ ಮೇಲಿನ ಎರಡು ಸಾಲು ಇಟ್ಟಿಗೆ ತೆಗೆಸಿ, ಹಗ್ಗ ಒಂದಡಿ ಜಾಸ್ತಿ ಮಾಡಿ. ನೆಲ ಒಡೆಸುವುದು ಬೇಡ.

ಕರೆಯುವ ಸರದಿ ಬದಲಿಸಿ. ಮೊದಲು ಸರಿಯಿರುವ ಎರಡು ಹಸು, ಆಮೇಲೆ ತುಂಗೆ, ಕೊನೆಗೆ ಗೌರಿ. ಗೌರಿಯಲ್ಲೂ ಆ ಮೊಲೆ ಕೊನೆಗೆ, ಬೇರೆ ಪಾತ್ರೆಗೆ. ಪದೇ ಪದೇ ಒಂದೇ ಮೊಲೆಗೆ ಬರುವುದು ನೋಡಿದರೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನುವ ಸೂಕ್ಷ್ಮಾಣು ಇರಬಹುದು ಅನ್ನುವ ಅನುಮಾನ ನನಗೆ. ಅದು ಹರಡುವುದು ಕೈಯಿಂದ, ಕೆಚ್ಚಲು ಒರೆಸುವ ಬಟ್ಟೆಯಿಂದ. ಒಂದೇ ಬಟ್ಟೆಯಲ್ಲಿ ನಾಲ್ಕು ಹಸು ಒರೆಸುತ್ತಿದ್ದರೆ ಇವತ್ತೇ ನಿಲ್ಲಿಸಿ, ಹಸುವಿಗೆ ಒಂದು ಬಟ್ಟೆ. ಹೆಬ್ಬೆರಳು ಮಡಚಿ ಕರೆಯುವ ಅಭ್ಯಾಸ ಇದ್ದರೆ ಮುಷ್ಟಿಯಲ್ಲಿ ಕರೆಯಲು ಕಲಿಯಿರಿ, ಮೊಲೆಯ ಒಳಗೆ ಗಾಯವಾಗುವುದು ತಪ್ಪುತ್ತದೆ. ಕರೆದಾದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಮೊಲೆ ಅದ್ದಲೆಂದೇ ಮಾರುವ ದ್ರಾವಣ ತನ್ನಿ, ಗಾಯಕ್ಕೆ ಹಚ್ಚುವುದನ್ನು ಅಂದಾಜಿಗೆ ಕಲಸಬೇಡಿ.

ಟ್ಯೂಬ್ ಏರಿಸಿದ ಹಾಲನ್ನು ಡೈರಿಗೆ ಹಾಕಬೇಡಿ. ಎಷ್ಟು ದಿನ ಅಂತ ಟ್ಯೂಬಿನ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ ಕೊನೆಯ ಡೋಸ್ ಆಗಿ ಮೂರು ನಾಲ್ಕು ದಿನ. ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರೇ ಆಗುವುದಿಲ್ಲ, ಔಷಧ ಹೆಪ್ಪಿನ ಸೂಕ್ಷ್ಮಾಣುವನ್ನೂ ಕೊಲ್ಲುತ್ತದೆ. ಅದು ಕರುವಿಗೂ ಬೇಡ. ನಿಮ್ಮ ಹೆಂಡತಿಗೆ ಹೇಳಿ, ಕುಡಿಸಿದ್ದಕ್ಕೆ ಕೊರಗಬೇಡಿ ಅಂತ. ಗೊತ್ತಿಲ್ಲದೆ ಆದದ್ದು. ನಾಳೆಯಿಂದ ಒಳ್ಳೆ ಮೊಲೆಯ ಹಾಲು ಕುಡಿಸಿ.

ಗೌರಿಯ ವಿಷಯ. ನಮ್ಮ ಮನೆಯಲ್ಲಿ ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಹಸುವಿಗೆ ಹೀಗೇ ಆಗಿ ಒಂದು ಮೊಲೆ ಬತ್ತಿ ಹೋಯಿತು. ಮೂರು ಮೊಲೆ ಹಸು ಅಂತ ಸಂತೆಯಲ್ಲಿ ಯಾರೂ ಕೇಳಲಿಲ್ಲ. ಮೂರನೇ ಸಂತೆಗೆ ಅಪ್ಪ ಸಿಕ್ಕಿದ ಬೆಲೆಗೆ ಕೊಟ್ಟು ಬಂದರು. ಆ ಹಸು ತಿರುಗಿ ನೋಡಿದ್ದು ನನಗೆ ಇವತ್ತಿಗೂ ನೆನಪಿದೆ. ನಾನು ಈ ಕೆಲಸಕ್ಕೆ ಬಂದದ್ದು ಅದರಿಂದಲೇ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು. ಆದರೆ ಲೆಕ್ಕವೂ ಅದನ್ನೇ ಹೇಳುತ್ತದೆ. ಈಗ ಮಾರಿದರೆ ನಿಮಗೆ ಬೆಲೆ ಸಿಗುವುದಿಲ್ಲ, ರೋಗ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ. ಲ್ಯಾಬ್ ಫಲಿತಾಂಶ ಬರಲಿ. ಔಷಧಕ್ಕೆ ಬಗ್ಗದಿದ್ದರೆ ಆ ಒಂದು ಮೊಲೆಯನ್ನು ಡಾಕ್ಟರ ಸಲಹೆಯ ಮೇಲೆ ಬತ್ತಿಸಿಬಿಡಬಹುದು. ಮೂರು ಮೊಲೆಯಲ್ಲೂ ಹಸು ಚೆನ್ನಾಗಿ ಬಾಳುತ್ತದೆ. ಮುಂದಿನ ಸೂಲಿಗೆ ಎರಡು ತಿಂಗಳು ಮೊದಲು ಪೂರ್ತಿ ಬತ್ತಿಸುವಾಗ, ಬತ್ತಿಸುವಾಗಲೇ ಹಾಕುವ ಬೇರೆ ಟ್ಯೂಬ್ ಇದೆ, ಅದನ್ನು ಡಾಕ್ಟರ ಕೈಯಲ್ಲೇ ಹಾಕಿಸಿ. ಕೆಚ್ಚಲೊಳಗೆ ಅಡಗಿದ ರೋಗವನ್ನು ಹಿಡಿಯಲು ಅದು ಒಳ್ಳೆಯ ಸಮಯ.


ರಾಗಿಮೆದೆ

ಐದು ವಾರದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಗಬ್ಬದ ಹಸು ಹೆಣ್ಣು ಕರು ಹಾಕಿತು, ಅದರಲ್ಲೇ ಕಳೆದೆವು.

ಲ್ಯಾಬಿನಿಂದ ಬಂದ ಚೀಟಿಯಲ್ಲಿ ಗೌರಿಗೆ ಮೇಡಂ ಹೇಳಿದ ಸ್ಟ್ಯಾಫಿಲೋಕಾಕಸ್ಸೇ ಇತ್ತು. ಮೂರು ಸಲ ಏರಿಸಿದ್ದ ಟ್ಯೂಬಿನ ಔಷಧಕ್ಕೆ ಅದು ಬಗ್ಗುವುದಿಲ್ಲ ಅಂತ ಬರೆದಿದ್ದರು. ಡಾಕ್ಟರು ಬೇರೆ ಔಷಧ ಕೊಟ್ಟು ನೋಡಿದರು, ಸ್ವಲ್ಪ ಕಮ್ಮಿಯಾಗಿ ಮತ್ತೆ ಲೋಳೆ ಬಂತು. ಹಾಗಾಗಿ ಆ ಮೊಲೆ ಬತ್ತಿಸಿದೆವು. ಈಗ ಮೂರು ಮೊಲೆಯಲ್ಲಿ ಹೊತ್ತಿಗೆ ಐದು ಲೀಟರ್ ಕೊಡುತ್ತಿದೆ. ತುಂಗೆಯ ಬಲಗಡೆ ಮೊಲೆ ಪೂರ್ತಿ ಸರಿಹೋಗಿದೆ. ಎಡಗಡೆಯದರಲ್ಲಿ ಇನ್ನೂ ಸ್ವಲ್ಪ ಲೋಳೆ ಇದೆ, ಮೂರು ದಿನಕ್ಕೊಮ್ಮೆ ಪರೀಕ್ಷೆ ಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೇವೆ. ಎಸ್‌ಎನ್‌ಎಫ್ 8.4ಕ್ಕೆ ಬಂದಿದೆ.

ನಾರಿನ ಪುಡಿ ಒಂದು ಟ್ರ್ಯಾಕ್ಟರ್ ಲೋಡು ತಂದೆವು. ಇಟ್ಟಿಗೆ ತೆಗೆಸಲು ಬಂದ ಮೇಸ್ತ್ರಿಗೆ ಹಸು ಹೇಗೆ ಏಳುತ್ತದೆ ಅಂತ ತೋರಿಸಿದೆ. ಇನ್ನು ಮೇಲೆ ಯಾರ ಕೊಟ್ಟಿಗೆಗೂ ಎತ್ತರದ ಗೋಡೆ ಕಟ್ಟುವುದಿಲ್ಲ ಅಂದ. ಮಗ ನಿನ್ನೆ ರಾತ್ರಿ ಮತ್ತೆ ನೋಟ್‌ಬುಕ್ ಹಿಡಿದು ಕೂತಿದ್ದ. ಒಂಬತ್ತರಿಂದ ಐದರೊಳಗೆ ಗೌರಿ ಆರು ಗಂಟೆ ಇಪ್ಪತ್ತು ನಿಮಿಷ ಮಲಗಿತ್ತು ಅಂತ ಬರೆದಿದ್ದಾನೆ.

ಮೇಡಂ, ಒಂದೇ ಒಂದು ಪ್ರಶ್ನೆ ಉಳಿದಿದೆ. ಮಳೆಗಾಲ ಶುರುವಾದರೆ ನಾರಿನ ಪುಡಿ ಒಣಗಿಸುವುದು ಕಷ್ಟ. ಆಗ ಬರೀ ರಾಗಿ ಹುಲ್ಲು ಹಾಕಿದರೆ ಸಾಕಾ, ಇಲ್ಲ ಈಗಲೇ ಪುಡಿ ಒಣಗಿಸಿ ಚೀಲದಲ್ಲಿ ತುಂಬಿಟ್ಟುಕೊಳ್ಳಲಾ?


ಕೊಟ್ಟಿಗೆ ನೋಟ್‌ಬುಕ್

ಈಗಲೇ ಒಣಗಿಸಿ ತುಂಬಿಟ್ಟುಕೊಳ್ಳಿ, ಚೀಲಗಳನ್ನು ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಇಡಿ. ಮಳೆಗಾಲದಲ್ಲಿ ಕೆಚ್ಚಲು ತಾಗುವ ಹಿಂದಿನ ಅರ್ಧಕ್ಕೆ ಮಾತ್ರ ಆ ಪುಡಿ ಹಾಕಿ, ಮುಂದಿನ ಅರ್ಧಕ್ಕೆ ಹುಲ್ಲು ಸಾಕು. ತುಂಗೆಯ ಎಡ ಮೊಲೆಯ ಹಾಲನ್ನು ಇನ್ನೊಂದು ಸಲ ಲ್ಯಾಬಿಗೆ ಕಳಿಸಿ, ಗೌರಿಯದ್ದೇ ಅದಕ್ಕೂ ಹರಡಿದೆಯಾ ಅಂತ ತಿಳಿಯಬೇಕು. ಆ ನೋಟ್‌ಬುಕ್ಕಿನ ಎರಡೂ ರಾತ್ರಿಯ ಪುಟಗಳ ಫೋಟೋ ತೆಗೆದು ಇಲ್ಲಿ ಹಾಕಲು ನಿಮ್ಮ ಮಗನಿಗೆ ಹೇಳುತ್ತೀರಾ?